ಏಳನೆಯ ತೂಬು

ಸೂಜಿ ಮಗುವಿನ ಮುಂಗೈಗೆ ಇಳಿಯಿತು. ಮಗು ನಕ್ಕಿತು.

ಹತ್ತು ತಿಂಗಳ ಹೆಣ್ಣು ಮಗು. ಡಾಕ್ಟರ್ ಓಬೇದುಲ್ಲಾ ಸಿರಿಂಜನ್ನು ಮೆಲ್ಲಗೆ ಹಿಂದಕ್ಕೆಳೆದರು. ರಕ್ತ ಏರುವುದನ್ನು ಮಗು ಕಣ್ಣರಳಿಸಿ ನೋಡಿತು. ಇನ್ನೊಂದು ಕೈ ಚಾಚಿ ಅದನ್ನು ಹಿಡಿಯಲು ಹೋಯಿತು. ತಾಯಿ ಅನಿತ ಆ ಕೈಯನ್ನು ಹಿಡಿದುಕೊಂಡಳು. ಆ ಕೋಣೆಯಲ್ಲಿ ಅಳುತ್ತಿದ್ದವಳು ಅವಳೊಬ್ಬಳೇ.

ಸಬ್ ಇನ್‌ಸ್ಪೆಕ್ಟರ್ ನಾಹಿದ್ ಬಾಗಿಲ ಪಕ್ಕ ಗೋಡೆಗೊರಗಿ ನಿಂತಿದ್ದಳು. ಹದಿಮೂರು ವರ್ಷದ ಪೊಲೀಸ್ ಕೆಲಸದಲ್ಲಿ ಅವಳು ಬೇಕಾದಷ್ಟು ಅಳು ಕೇಳಿದ್ದಳು. ಅಳಬೇಕಾದ ಕಡೆ ಅಳು ಬಾರದಿದ್ದರೆ ಇಷ್ಟು ಭಯವಾಗುತ್ತದೆಂದು ಗೊತ್ತಾದದ್ದು ಇವತ್ತೇ.

ಹನ್ನೊಂದು ದಿನದ ಹಿಂದೆ ಅನಿತಳ ತಮ್ಮ ಚಂದ್ರು ಮಾಲೂರಿನ ತನ್ನ ಬಾಡಿಗೆ ಕೋಣೆಯಲ್ಲಿ ಗ್ಯಾಸ್ ಹೊತ್ತಿಕೊಂಡು ಸತ್ತಿದ್ದ. ಅದು ಆಕಸ್ಮಿಕವಲ್ಲ, ತನ್ನ ಮಾವ ಕೋದಂಡರಾಮಪ್ಪನ ಮೇಲೆ ಅನುಮಾನವಿದೆ ಎಂದು ಅನಿತ ಬರೆದುಕೊಟ್ಟಿದ್ದಳು. ಕೋದಂಡರಾಮಪ್ಪ ಅವಳಿಗೆ ಎರಡು ಕಡೆಯಿಂದಲೂ ಮಾವ. ಅವಳ ತಾಯಿಯ ಒಡಹುಟ್ಟಿದ ತಮ್ಮ, ಅವಳ ಗಂಡ ಗೋಪಿಯ ತಂದೆ.

ಪೋಸ್ಟ್‌ಮಾರ್ಟಂ ವರದಿ ನಾಹಿದಳನ್ನು ಈ ಕೋಲಾರದ ಆಸ್ಪತ್ರೆಗೆ ತಂದಿತ್ತು. ಚಂದ್ರುವಿನ ಮೈಮೇಲೆ ಹೊಸ ಸುಟ್ಟಗಾಯಗಳ ಜೊತೆ ಹಳೆಯವು ಇಪ್ಪತ್ತಕ್ಕೂ ಹೆಚ್ಚು. ಎಂದೋ ಮುರಿದು ತಾನೇ ಕೂಡಿಕೊಂಡ ಮೂರು ಎಲುಬು. ನಾಲಿಗೆಯ ತುದಿ ಇರಲಿಲ್ಲ. ಯಾರೋ ವರ್ಷಗಟ್ಟಲೆ ಹಿಂಸೆ ಕೊಟ್ಟಿದ್ದಾರೆ ಎಂದು ನಾಹಿದ್ ನಂಬಿದ್ದಳು. ಅನಿತಳನ್ನು ಕೇಳಿದಾಗ ಅವಳು ಇಷ್ಟೇ ಹೇಳಿದ್ದಳು: "ಮಂಗಳವಾರ ಮಗೂನ ಕೋಲಾರಕ್ಕೆ ಕರ್ಕೊಂಡು ಹೋಗ್ತೀನಿ. ನೀವೂ ಬನ್ನಿ ಮೇಡಂ. ನಾನು ಹೇಳಿದ್ರೆ ನಂಬಲ್ಲ."

ಡಾಕ್ಟರು ರಕ್ತದ ಕೊಳವೆಗೆ ಚೀಟಿ ಅಂಟಿಸಿದರು. ಬೆಂಗಳೂರಿಗೆ ಹೋಗಬೇಕಾದದ್ದು.

"ಅನಿತಮ್ಮ, ಹೊರಗೆ ಕೂತು ಮಗುಗೆ ಹಾಲು ಕೊಡಮ್ಮ. ನಾಲಿಗೆ ಒಂದ್ಸಲ ನೋಡಿಬಿಡು, ಹೊಸ ಹಲ್ಲು ಬಂದಿದೆ, ಕಚ್ಕೊಂಡಿರುತ್ತೆ."

ಬಾಗಿಲು ಮುಚ್ಚಿತು. ಎಪ್ಪತ್ತರ ಹತ್ತಿರದ ಓಬೇದುಲ್ಲಾ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಲವತ್ತು ವರ್ಷ ನರದ ಕಾಯಿಲೆಗಳನ್ನೇ ನೋಡಿದವರು. ನಾಹಿದಳ ತಾಯಿ ಶರೀಫುನ್ನೀಸಾಗೂ ಅವರದೇ ಔಷಧ.

"ಬೈಠೋ ಬೇಟಾ," ಎಂದು ಕುರ್ಚಿ ತೋರಿಸಿದರು. "ಚಂದ್ರುಗೆ ಯಾರೂ ಹೊಡೆದಿಲ್ಲ. ಅವನಿಗೆ ನೋವು ಅನ್ನೋದೇ ಇರಲಿಲ್ಲ. ಹುಟ್ಟಿದಾಗಿಂದ. ಕೈ ಸುಡ್ತಿದ್ರೂ ಹಿಂದಕ್ಕೆ ತಗೋ ಅಂತ ಹೇಳೋರು ಒಳಗೆ ಯಾರೂ ಇರಲಿಲ್ಲ."

"ಅದು ಹೇಗೆ ಸಾಬ್?"

"ನಿಮ್ಮ ಮುಳಬಾಗಿಲು ಕಡೆ ಕೆರೆ ನೋಡಿದೀಯಲ್ಲ. ಏರಿಗೆ ತೂಬು ಇರುತ್ತೆ. ತೂಬು ಎತ್ತಿದ್ರೆ ನೀರು ನುಗ್ಗುತ್ತೆ, ಇಳಿಸಿದ್ರೆ ನಿಲ್ಲುತ್ತೆ. ನರದ ಜೀವಕೋಶದ ಗೋಡೆಯಲ್ಲೂ ಅಂಥ ತೂಬುಗಳಿವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಅಯಾನ್ ಚಾನೆಲ್ ಅಂತೀವಿ. ಹೊರಗಡೆ ಸೋಡಿಯಂ ಜಾಸ್ತಿ, ಒಳಗಡೆ ಪೊಟ್ಯಾಸಿಯಂ ಜಾಸ್ತಿ. ಎರಡೂ ವಿದ್ಯುತ್ತು ಹೊತ್ತಿರೋ ಕಣಗಳು. ಕಾಲಿಗೆ ಮುಳ್ಳು ಚುಚ್ಚಿತು ಅನ್ನು. ಸೋಡಿಯಂ ತೂಬು ತೆರೆಯುತ್ತೆ, ಸೋಡಿಯಂ ಒಳಗೆ ನುಗ್ಗುತ್ತೆ. ಆ ಏಟಿಗೆ ಪಕ್ಕದ ತೂಬು, ಅದರ ಪಕ್ಕದ್ದು, ಹಾಗೇ ಸುದ್ದಿ ಓಡುತ್ತೆ, ಕಾಲಿಂದ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ. ಹಿಂದೆಯೇ ಪೊಟ್ಯಾಸಿಯಂ ಹೊರಗೆ ಹೋಗಿ ನರ ಮತ್ತೆ ಸಿದ್ಧವಾಗುತ್ತೆ. ಒಂದು ತೂಬು ತೆರೆದು ಮುಚ್ಚೋಕೆ ಸೆಕೆಂಡಿನ ಸಾವಿರದಲ್ಲೊಂದು ಪಾಲು ಸಾಕು."

"ತೆರೆಯದಿದ್ರೆ?"

"ಮುಳ್ಳಿರುತ್ತೆ, ಗಾಯ ಇರುತ್ತೆ, ರಕ್ತ ಇರುತ್ತೆ. ಸುದ್ದಿ ಇರಲ್ಲ." ಅವರು ತಮ್ಮ ದವಡೆ ಮುಟ್ಟಿ ತೋರಿಸಿದರು. "ಹಲ್ಲು ಕೀಳುವಾಗ ಕೊಡೋ ಇಂಜೆಕ್ಷನ್ ಮಾಡೋದೂ ಇದನ್ನೇ. ತೂಬಿಗೆ ಬಿರಡೆ ಹಾಕುತ್ತೆ, ಎರಡು ಗಂಟೆ ಮಟ್ಟಿಗೆ. ಈ ಮಗುವಿಗೆ ಅದು ಜನ್ಮಕ್ಕೆ. ನಿಮ್ಮಮ್ಮಂಗೆ ಇದರ ತಿರುಗುಮುರುಗು. ಸಕ್ಕರೆ ಕಾಯಿಲೆಯಿಂದ ನರ ಹಾಳಾಗಿ, ಗಾಯವೇ ಇಲ್ಲದೆ ತೂಬುಗಳು ಸುಮ್ಸುಮ್ಮನೆ ತೆರೀತವೆ. ಪಾದ ಉರಿ ಉರಿ ಅಂತಾರೆ."

ನಾಹಿದ್ ತಾಯಿಯ ಪಾದಗಳನ್ನು ನೆನೆದಳು. ಅಮ್ಮಿ ಒದ್ದೆ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದ ಮಧ್ಯಾಹ್ನಗಳನ್ನೂ.

"ಸೋಡಿಯಂ ತೂಬುಗಳಲ್ಲಿ ಒಂಬತ್ತು ಬಗೆ," ಡಾಕ್ಟರು ಮುಂದುವರಿಸಿದರು. "ಒಂದೊಂದು ಒಂದೊಂದು ಕಡೆ ಕೆಲಸ. ಕೈಕಾಲು ಆಡಿಸೋದು, ಎದೆ ಬಡಿತ, ಎಲ್ಲ ಬೇರೆ ಬೇರೆ. ಅದಕ್ಕೇ ಚಂದ್ರು ಓಡಾಡಿಕೊಂಡು ಚೆನ್ನಾಗಿದ್ದ, ಬುದ್ಧಿ ಚುರುಕಾಗಿತ್ತು. ಕೆಟ್ಟಿದ್ದದ್ದು ಏಳನೇದು. ಅದು ನೋವಿನ ನರದಲ್ಲಿರೋದು. ಅಲ್ಲಿ ಮತ್ತೆ…"

ಅವರು ಮೂಗಿನ ಮೇಲೆ ಬೆರಳಿಟ್ಟರು.

"ಮೂಗಿನ ನರದಲ್ಲಿ."

ನಾಹಿದ್ ಕುರ್ಚಿಯ ತುದಿಗೆ ಸರಿದಳು.

"ಅಂದ್ರೆ?"

"ಮಲ್ಲಿಗೆಯಿಂದ ಚರಂಡಿವರೆಗೆ, ಚಂದ್ರುಗೆ ಯಾವ ವಾಸನೇನೂ ತಿಳೀತಿರಲಿಲ್ಲ. ನಾನೇ ಪರೀಕ್ಷೆ ಮಾಡಿದೀನಿ. ಕಣ್ಣು ಮುಚ್ಚಿಸಿ ಕಾಫಿಪುಡಿ ಹಿಡಿದೆ, ಸೀಮೆಎಣ್ಣೆ ಹಿಡಿದೆ. ಎರಡೂ ಒಂದೇ ಅಂದ."

ನಾಹಿದ್ ಮೊಬೈಲು ತೆಗೆದು ಕೇಸಿನ ಕಾಗದಗಳ ಫೋಟೋಗಳನ್ನು ಒಂದೊಂದಾಗಿ ಸರಿಸಿದಳು. ಕೋದಂಡರಾಮಪ್ಪನ ಹೇಳಿಕೆ ಸಿಕ್ಕಿತು. *ಘಟನೆಯ ದಿನ ಬೆಳಿಗ್ಗೆ ಏಳು ಗಂಟೆ ಹದಿನೆಂಟು ನಿಮಿಷಕ್ಕೆ ಚಂದ್ರು ನನಗೆ ಫೋನ್ ಮಾಡಿ, ಮಾವ, ಗ್ಯಾಸ್ ವಾಸನೆ ಬರ್ತಿದೆ ಎಂದನು.*

ಅವಳು ಅದನ್ನು ಎರಡು ಸಲ ಓದಿದಳು.

"ಈ ಕಾಯಿಲೆಗೆ ಔಷಧ ಇಲ್ವಾ ಸಾಬ್?" ಎದ್ದು ನಿಂತು ಕೇಳಿದಳು.

"ತೂಬು ಮುಚ್ಚೋ ಔಷಧ ಬೇಕಾದಷ್ಟಿದೆ, ಮೂರ್ಛೆರೋಗಕ್ಕೆ ಕೊಡೋವು ಕೆಲವು ಅಂಥವೇ. ಇಲ್ಲದ ತೂಬನ್ನ ತೆರೆಯೋ ಔಷಧ ಇನ್ನೂ ಇಲ್ಲ. ಆದ್ರೆ ಇದು ಸಾಯೋ ಕಾಯಿಲೆ ಅಲ್ಲ ಬೇಟಾ. ಕಾವಲಿಲ್ಲದಿದ್ರೆ ಸಾಯೋ ಕಾಯಿಲೆ. ದಿನಾ ಮೈಯೆಲ್ಲ ನೋಡಬೇಕು, ಜ್ವರ ನೋಡಬೇಕು, ಬಿಸಿ ನೋಡಬೇಕು. ಅದಕ್ಕೆ ಮನೆಯವರು ಮೊದಲು ಕಾಯಿಲೆ ಇದೆ ಅಂತ ಒಪ್ಪಿಕೋಬೇಕು. ಅವಳ ಮನೇಲಿ ಒಪ್ತಿಲ್ಲ."

ಹೊರಗಿನ ಬೆಂಚಿನಲ್ಲಿ ಅನಿತ ಮಗುವಿನ ಬಾಯಿಗೆ ಬೆರಳಿಟ್ಟು ನಾಲಿಗೆ ನೋಡುತ್ತಿದ್ದಳು.

"ನಿನ್ನ ತಮ್ಮಂಗೆ ವಾಸನೆ ಗೊತ್ತಾಗ್ತಿರಲಿಲ್ಲ," ನಾಹಿದ್ ಹೇಳಿದಳು. "ಅಷ್ಟು ದೊಡ್ಡ ಮಾತನ್ನ ದೂರಿನಲ್ಲಿ ಯಾಕೆ ಬರೀಲಿಲ್ಲ?"

ಅನಿತ ತಲೆ ಎತ್ತಲಿಲ್ಲ.

"ನೀವು ಕೇಳ್ಲಿಲ್ಲ ಮೇಡಂ," ಎಂದಳು.

*

ಮಾಲೂರಿನ ಆ ವಠಾರದಲ್ಲಿ ಒಟ್ಟು ಐದು ಕೋಣೆ. ಒಂದೇ ಗೇಟು, ಹಿಂದುಗಡೆ ಎಲ್ಲರಿಗೂ ಸೇರಿ ಒಂದು ಬಚ್ಚಲು. ಚಂದ್ರುವಿನ ಕೋಣೆ ಕೊನೆಯದು. ಬಾಗಿಲ ಚೌಕಟ್ಟು ಇದ್ದಿಲಾಗಿತ್ತು.

ಹೆಡ್ ಕಾನ್‌ಸ್ಟೇಬಲ್ ಶ್ರೀರಾಮಪ್ಪ ಮಹಜರಿನ ಪ್ರತಿ ಹಿಡಿದುಕೊಂಡು ಓದಿದ. ಕಿಟಕಿ ಮುಚ್ಚಿತ್ತು. ಸಿಲಿಂಡರ್ ಸಿಡಿದಿರಲಿಲ್ಲ, ರೆಗ್ಯುಲೇಟರ್ ಆನ್ ಆಗಿತ್ತು. ಒಲೆಯ ಕಿವಿಗಳು, ಅಂದರೆ ನಾಬುಗಳು, ಎರಡೂ ಆನ್ ಕಡೆಗೆ ತಿರುಗಿದ್ದವು. ಲೈಟರ್ ದೇಹದ ಪಕ್ಕದಲ್ಲೇ ಸಿಕ್ಕಿತ್ತು. ಸೊಂಟದಲ್ಲಿ ಒದ್ದೆ ಟವಲು.

"ಒದ್ದೆ ಟವಲು," ನಾಹಿದ್ ಅಂದಳು.

"ಸ್ನಾನ ಮಾಡ್ಕೊಂಡು ಬಂದು ಕಾಫಿಗೆ ಇಡೋಕೆ ಹೋಗವ್ನೆ ಮೇಡಂ. ವಾಸನೆ ತಿಳೀದೋನು. ಲೈಟರ್ ಒತ್ತವ್ನೆ, ಆಯ್ತು. ನನ್ನ ಕೇಳಿದ್ರೆ ಇದು ಆಕಸ್ಮಿಕಾನೇ."

"ಆಗಿರಬಹುದು. ಆದ್ರೆ ವಾಸನೆ ತಿಳೀದೋನು ಅರ್ಧ ಗಂಟೆ ಮುಂಚೆ ವಾಸನೆ ಬರ್ತಿದೆ ಅಂತ ಫೋನ್ ಹೇಗೆ ಮಾಡಿದ?"

ಶ್ರೀರಾಮಪ್ಪ ಕಾಗದ ಮಡಿಚಿದ.

ಪಕ್ಕದ ಕೋಣೆಯ ಮುನಿಯಲ್ಲಮ್ಮ ಹೊಸಿಲಿನಲ್ಲಿ ಕೂತು ನೆನೆಹಾಕಿದ ಅವರೆಕಾಳು ಹಿದುಕುತ್ತಿದ್ದಳು. ಬೆಂಕಿ ಬಿದ್ದ ದಿನ ಅವಳು ಊರಲ್ಲಿರಲಿಲ್ಲ. ಮುಳಬಾಗಿಲಿನ ಮಗಳ ಮನೆಗೆ ಹೋದವಳು ಮೊನ್ನೆ ತಾನೇ ಬಂದಿದ್ದಳು. ಅವಳ ಹೇಳಿಕೆಯನ್ನು ಯಾರೂ ತೆಗೆದುಕೊಂಡಿರಲಿಲ್ಲ.

"ಅಯ್ಯೋ ನಾಯನಾ, ಎಂಥ ಮಗ ಅವನು," ಎಂದಳು. "ಗೂಡಿನಿಂದ ಸುಟ್ಟ ಇಟ್ಟಿಗೇನ ಬರಿಗೈಲಿ ಎತ್ತಿ ಲಾರಿಗೆ ಹಾಕೋನು. ಬೇರೆಯೋರು ಗೋಣಿಚೀಲ ಸುತ್ತಿಕೊಂಡ್ರೂ ಕೈ ಕೊಡವೋರು. ಬೆಂಕಿ ಚಂದ್ರು ಅಂತ ಕರೆದು ನಗೋರು. ಇವನೂ ನಗೋನು. ಸಂಜೆ ಬಂದು ಕನ್ನಡಿ ಮುಂದೆ ನಿಂತು ಮೈಯೆಲ್ಲ ಹುಡುಕೋನು, ಎಲ್ಲಿ ಏನಾಗೈತೆ ಅಂತ. ಬೆನ್ನು ನನಗೆ ತೋರಿಸೋನು. ಅಮ್ಮ, ಇಲ್ಲೇನಾದ್ರೂ ಗಾಯ ಐತಾ ನೋಡು ಅನ್ನೋನು."

"ಗ್ಯಾಸಿನ ವಿಷಯದಲ್ಲಿ ಹೇಗೆ? ಎಚ್ಚರ ಇತ್ತಾ?"

"ನನಗಿಂತ ಹೆಚ್ಚು. ಒಲೆ ಆರಿಸಿದ ಕೂಡ್ಲೇ ಕೆಳಗಡೇನೂ ಆಫ್ ಮಾಡೋನು. ಆಮೇಲೆ ನನ್ನ ಕೂಗೋನು. ಅಮ್ಮ, ವಾಸನೆ ಬರ್ತೈತಾ ಬಂದು ನೋಡು. ದಿನಾ. ನಾನು ಬೈತಿದ್ದೆ, ನನ್ನ ಮೂಗೇನು ನಿನಗೆ ಬಾಡಿಗೆಗೆ ಕೊಟ್ಟಿದೀನಾ ಅಂತ."

ಅವಳ ಕೈ ನಿಂತಿತು. ಮೊರದ ಮೇಲೆ ಒಂದೆರಡು ಕಾಳು ಉರುಳಿದವು.

"ಅವತ್ತು ನಾನಿದ್ದಿದ್ರೆ ಕೂಗ್ತಿದ್ದ," ಎಂದಳು.

ನಾಹಿದ್ ಗೇಟಿನವರೆಗೆ ಹೆಜ್ಜೆ ಹಾಕಿದಳು. ಗೇಟಿನಿಂದ ಕೋಣೆಗೆ ಇಪ್ಪತ್ತು ಹೆಜ್ಜೆ. ಬಚ್ಚಲು ಹಿಂದುಗಡೆ, ಅಲ್ಲಿ ನಿಂತವನಿಗೆ ಕೋಣೆಯ ಬಾಗಿಲು ಕಾಣುವುದಿಲ್ಲ. ದಿನವೂ ಬೇರೆಯವರ ಮೂಗನ್ನು ನೆಚ್ಚಿಕೊಂಡು ಬದುಕಿದ ಹುಡುಗ ಎರಡು ಕಿವಿಯನ್ನೂ ತಿರುಗಿಸಿಟ್ಟು, ಕಿಟಕಿ ಮುಚ್ಚಿ ಸ್ನಾನಕ್ಕೆ ಹೋಗುತ್ತಾನೆಯೇ?

"ಕೋದಂಡರಾಮಪ್ಪನ್ನ ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಕರೆಸು," ಶ್ರೀರಾಮಪ್ಪನಿಗೆ ಹೇಳಿದಳು. "ಅನಿತಾನೂ ಬರಲಿ. ಅವಳು ಹೊರಗೆ ಕೂತಿರಲಿ."

*

ಕೋದಂಡರಾಮಪ್ಪನಿಗೆ ಅರವತ್ತೆರಡು. ಶ್ರೀನಿವಾಸಪುರದಲ್ಲಿ ಹದಿನೆಂಟು ಎಕರೆ ಮಾವಿನ ತೋಪು. ಒಗೆದು ಇಸ್ತ್ರಿ ಮಾಡಿದ ಬಿಳಿ ಷರ್ಟು, ಹೆಗಲ ಮೇಲೆ ಟವಲು. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

"ಹಣ್ಣಿನ ಕಾಲ ಅಮ್ಮಾ. ಮಂಡಿಯಲ್ಲಿ ನನ್ನ ಲೋಡು ನಿಂತೈತೆ. ಬೇಗ ಕೇಳಿಬಿಡಿ."

"ಚಂದ್ರು ಫೋನಿನಲ್ಲಿ ಏನಂದ?"

"ಅವತ್ತೇ ಬರ್ಕೊಂಡ್ರಲ್ಲ. ಮಾವ, ಗ್ಯಾಸ್ ವಾಸನೆ ಬರ್ತೈತೆ ಅಂದ. ಕಿಟಕಿ ತೆಗಿ ಅಂದೆ. ಅಷ್ಟೇ."

"ಅದೇ ಮಾತಾ?"

"ಅದೇ ಮಾತು."

ನಾಹಿದ್ ಡಾಕ್ಟರ ಪತ್ರವನ್ನು ಅವನ ಮುಂದೆ ತಳ್ಳಿದಳು.

"ಚಂದ್ರುಗೆ ಹುಟ್ಟಿದಾಗಿಂದ ವಾಸನೆ ತಿಳೀತಿರಲಿಲ್ಲ. ಎತ್ತಿ ಆಡಿಸಿದ ಸೋದರಮಾವ ನೀವು. ನಿಮಗಿದು ಗೊತ್ತಿಲ್ಲ ಅಂತ ಹೇಳಬೇಡಿ."

ಅವನು ಪತ್ರ ಮುಟ್ಟಲಿಲ್ಲ.

"ಗೊತ್ತಿತ್ತು."

"ಹಾಗಾದ್ರೆ ಯಾಕೆ ಸುಳ್ಳು ಹೇಳಿದ್ರಿ?"

"ನಾನು ಸುಳ್ಳು ಹೇಳಿಲ್ಲ."

"ನಿಮ್ಮಕ್ಕ ಅಶ್ವತ್ಥಮ್ಮನ್ನ ಅವರ ಸೋದರಮಾವನಿಗೇ ಕೊಟ್ರು. ಅವರ ಮಗಳು ಅನಿತಾನ ನಿಮ್ಮ ಮಗ ಗೋಪಿಗೆ ತಂದ್ಕೊಂಡ್ರಿ. ಎಲ್ಲಾ ಒಂದೇ ಬೇರು. ಕೆಟ್ಟ ತೂಬು ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು ಬಂದಾಗ ಮಗುವಿಗೆ ಕಾಯಿಲೆ. ಮೊದಲು ಚಂದ್ರುಗೆ ಬಂತು, ಈಗ ನಿಮ್ಮ ಮೊಮ್ಮಗಳಿಗೆ. ಅನಿತ, ಚಂದ್ರು ಇಬ್ಬರೂ ರಕ್ತ ಕೊಟ್ಟು ಪರೀಕ್ಷೆ ಮಾಡಿಸ್ತೀವಿ ಅಂದ್ರು. ನೀವು ಬೇಡ ಅಂದ್ರಿ. ಹೌದೋ ಅಲ್ಲವೋ?"

"ಹೌದು, ಬೇಡ ಅಂದೆ." ಅವನ ದನಿ ಮೊದಲ ಸಲ ಏರಿತು. "ಮುಂದಿನ ತಿಂಗಳು ನನ್ನ ಚಿಕ್ಕ ಮಗಳ ಮದುವೆ. ಮುಳಬಾಗಿಲಿಗೆ ಕೊಡ್ತಿದೀವಿ. ಆ ಮನೆ ರಕ್ತದಲ್ಲೇ ದೋಷ ಐತೆ ಅಂತ ಒಂದು ಕಾಗದ ಬಂದ್ರೆ ಯಾರು ತಾಳಿ ಕಟ್ತಾರೆ ಹೇಳಿ? ಮದುವೆ ಆಗೋವರೆಗೆ ತಡೀರಿ ಅಂದೆ. ಕಾಲು ಹಿಡಿಯೋದೊಂದು ಬಾಕಿ. ಅದಕ್ಕೆ ಹುಡುಗನ್ನ ಸುಡ್ತೀನಾ ನಾನು? ನನ್ನ ಅಕ್ಕನ ಮಗನ್ನ?"

"ಹಿಂದಿನ ದಿನ ಹೊಸ ಸಿಲಿಂಡರ್ ತಂದುಕೊಟ್ಟು ಜೋಡಿಸಿದ್ದು ನೀವು."

"ನಾನೇ. ಅವನಿಗೆ ಯಾರಿದ್ರು? ವಾಷರ್ ಸರಿ ಇಲ್ವೇನೋ ಅಂತ ನನಗೂ ಅನುಮಾನ ಇತ್ತು. ಅದಕ್ಕೇ ಅವನು ನನಗೇ ಫೋನ್ ಮಾಡಿದ್ದು."

"ವಾಸನೆ ಬರ್ತಿದೆ ಅಂತ. ವಾಸನೆ ತಿಳೀದ ಹುಡುಗ."

ಕೋದಂಡರಾಮಪ್ಪ ಜೇಬಿಗೆ ಕೈ ಹಾಕಿ ಮೊಬೈಲು ತೆಗೆದ. ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡ.

"ವ್ಯಾಪಾರದೋರು ನಾವು. ಬಂದ ಫೋನೆಲ್ಲ ತಾನೇ ರೆಕಾರ್ಡ್ ಆಗೋ ಹಾಗೆ ಗೋಪಿ ಮಾಡಿಕೊಟ್ಟವ್ನೆ. ಇದನ್ನ ಯಾರಿಗೂ ಕೇಳಿಸಬಾರದು ಅಂತಿದ್ದೆ. ನನ್ನೇ ಸುಳ್ಳುಗಾರ ಅಂತೀರಲ್ಲ, ಕೇಳಿ."

ಮೊದಲು ಮಂಡಿಯ ಗದ್ದಲ. ಯಾರೋ ತೆಲುಗಿನಲ್ಲಿ ಕ್ರೇಟುಗಳನ್ನು ಎಣಿಸುತ್ತಿದ್ದ. ಅದರ ನಡುವೆ ಚಂದ್ರುವಿನ ದನಿ. ನಾಲಿಗೆಯ ತುದಿ ಇಲ್ಲದವನ ತೊದಲು ಮಾತು, ಇನ್ಯಾರೂ ಅನುಕರಿಸಲಾರದ್ದು.

"ಮಾವ, ಇಲ್ಲಿ ಗ್ಯಾಸ್ ವಾಸನೆ ಬರ್ತೈತಂತೆ. ಏನ್ ಮಾಡ್ಲಿ?"

"ನೋಡಿದ್ರಾ?" ಕೋದಂಡರಾಮಪ್ಪ ಅಲ್ಲಿಗೇ ನಿಲ್ಲಿಸಿದ. "ನಾನು ಹೇಳಿದ ಮಾತೇ."

"ಇನ್ನೊಂದ್ಸಲ ಹಾಕಿ."

ಹಾಕಿದ.

"ಬರ್ತೈತೆ ಅನ್ಲಿಲ್ಲ ಅವನು," ನಾಹಿದ್ ನಿಧಾನವಾಗಿ ಹೇಳಿದಳು. "ಬರ್ತೈತಂತೆ ಅಂದ."

"ಏನೋ ಒಂದಕ್ಷರ ಹೆಚ್ಚು ಕಮ್ಮಿ…"

"ಆ ಒಂದಕ್ಷರದಲ್ಲಿ ಇನ್ನೊಬ್ಬ ಮನುಷ್ಯ ಇದಾನೆ ಕೋದಂಡರಾಮಪ್ಪನವರೇ. ಅಂತೆ ಅಂದ್ರೆ ಯಾರೋ ಹೇಳಿದ್ದು. ಕೋಣೆಯಲ್ಲಿ ಅವನ ಪಕ್ಕ ಯಾರೋ ಇದ್ರು. ಅವರ ಮೂಗಿಗೆ ವಾಸನೆ ಬಂತು, ಅವನಿಗೆ ಹೇಳಿದ್ರು, ಅವನು ನಿಮಗೆ ಹೇಳಿದ. ನೀವು ಹೇಳಿಕೆ ಕೊಡುವಾಗ ಅದೊಂದನ್ನೇ ಬಿಟ್ರಿ. ಮರೆತು ಬಿಟ್ಟದ್ದಲ್ಲ. ಮುಂದಿಂದು ಹಾಕಿ."

"ಮುಂದೇನಿಲ್ಲ."

"ಹಾಕಿ."

ಅವನು ಹಾಕಲಿಲ್ಲ. ನಾಹಿದ್ ಕೈ ಚಾಚಿದಳು. ಅವನ ಬೆರಳು ಸಡಿಲವಾದವು.

ಮಂಡಿಯ ಗದ್ದಲ. ಕೋದಂಡರಾಮಪ್ಪನದೇ ದನಿ: "ಯಾರೋ ಹೇಳಿದ್ದು? ಯಾರವ್ರೆ ಅಲ್ಲಿ?"

ಚಂದ್ರು ನಕ್ಕ. ಬೆಳಗಿನ ಹೊತ್ತು, ಮನೆಗೆ ತನ್ನವರು ಬಂದ ಸಂತೋಷದ ನಗು.

"ಅಕ್ಕ. ಅಕ್ಕ ಬಂದವ್ಳೆ ಮಾವ, ಪಾಪೂನ ಎತ್ಕೊಂಡು."

"ಕಿಟಕಿ ತೆಗಿ" ಎಂಬ ಕೋದಂಡರಾಮಪ್ಪನ ದನಿಯೊಂದಿಗೆ ರೆಕಾರ್ಡಿಂಗ್ ಮುಗಿಯಿತು.

ಕೋದಂಡರಾಮಪ್ಪ ಟವಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡ ಮೇಲೂ ಟವಲನ್ನು ಮುಖದಿಂದ ತೆಗೆಯಲಿಲ್ಲ.

"ಸೊಸೆ," ಎಂದ ಅದರೊಳಗಿಂದ. "ಮನೆಗೆ ಹೇಳದೆ ಬಂದಿದ್ಲು. ಅವಳು ಅಲ್ಲಿದ್ಲು ಅಂತ ನಾನು ಹೇಳಿದ್ರೆ ನೀವು ಅವಳನ್ನೇ ಹಿಡೀತಿದ್ರಿ. ಹಾಲು ಕುಡಿಯೋ ಕೂಸು ಐತೆ. ಅವಳು ನನ್ನ ಮೇಲೆ ದೂರು ಕೊಟ್ಟ ದಿನಾನೂ ಹೇಳ್ಲಿಲ್ಲ ನಾನು."

ನಾಹಿದ್ ಎದ್ದು ಹೋಗಿ ಬಾಗಿಲು ತೆರೆದಳು.

"ಅನಿತ, ಒಳಗೆ ಬಾಮ್ಮ."

*

ಮಗು ಹೆಗಲ ಮೇಲೆ ನಿದ್ದೆ ಹೋಗಿತ್ತು. ರೆಕಾರ್ಡಿಂಗ್ ಕೇಳಿದಾಗ ಅನಿತಳ ಮುಖದಲ್ಲಿ ಅಂಜಿಕೆ ಕಾಣಲಿಲ್ಲ. ತಮ್ಮನ ನಗು ಬಂದ ಕಡೆ ಅವಳು ಮೊಬೈಲಿನ ಹತ್ತಿರಕ್ಕೆ ಬಾಗಿದಳು, ಅಷ್ಟೇ. ಅವನು ಸತ್ತ ಮೇಲೆ ಅವನ ದನಿ ಕೇಳಿದ್ದು ಇದೇ ಮೊದಲಿರಬೇಕು.

ಅವಳು ಮಾವನ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತು. ಆದ್ರೂ ನನ್ನ ಹೆಸರು ಹೇಳ್ಲಿಲ್ವಾ?"

ಕೋದಂಡರಾಮಪ್ಪ ಗೋಡೆ ನೋಡುತ್ತಿದ್ದ.

"ಅವತ್ತು ಏನಾಯ್ತು ಹೇಳು," ನಾಹಿದ್ ಅಂದಳು. "ಮೊದಲಿಂದ."

"ಅವತ್ತು ಇಬ್ಬರೂ ಕೋಲಾರಕ್ಕೆ ಹೋಗಿ ರಕ್ತ ಕೊಡಬೇಕಿತ್ತು. ನಾನು ಮುಂಚಿನ ಬಸ್ಸಿಗೆ ಬಂದೆ. ಒಳಗೆ ಕಾಲಿಟ್ಟ ಕೂಡ್ಲೇ ವಾಸನೆ ಗೊತ್ತಾಯ್ತು. ಚಂದ್ರು ಮಾವಂಗೆ ಫೋನ್ ಮಾಡ್ತಿದ್ದ. ಅಷ್ಟರಲ್ಲಿ ನಾನೇ ರೆಗ್ಯುಲೇಟರ್ ಆಫ್ ಮಾಡಿದೆ. ಕೈಯಾರೆ ಮಾಡಿದೀನಿ ಮೇಡಂ. ಕಿಟಕಿ ತೆಗೆದೆ, ಬಾಗಿಲು ತೆಗೆದೆ. ವಾಸನೆ ಪೂರ್ತಿ ಹೋಗೋವರೆಗೂ ನಿಂತಿದ್ದೆ."

"ಆಮೇಲೆ?"

"ಅವನು ಸ್ನಾನಕ್ಕೆ ಹೊರಟ. ಅಕ್ಕ, ನೀನು ಮುಂದೆ ಹೋಗಿ ಬಸ್ ಸ್ಟ್ಯಾಂಡಲ್ಲಿ ಕೂತಿರು, ಮಗೂಗೆ ಬಿಸಿಲಾಗುತ್ತೆ, ಒಂದು ಲೋಟ ಕಾಫಿ ಕುಡಿದು ಬಂದೆ ಅಂದ. ನಾನು ಹೋಗಿ ಕೂತೆ. ಎರಡು ಬಸ್ಸು ಬಿಟ್ಟೆ. ಮೂರನೇದು ಬರೋ ಹೊತ್ತಿಗೆ ಫೈರ್ ಎಂಜಿನ್ ಹೋಯ್ತು."

ಅವಳು ಮಗುವಿನ ಬೆನ್ನು ಸವರಿದಳು.

ನಾಹಿದ್ ಲೆಕ್ಕ ಹಾಕಿದಳು. ಏಳು ಹದಿನೆಂಟಕ್ಕೆ ಫೋನು. ಏಳು ಐವತ್ತಕ್ಕೆ ಬೆಂಕಿ. ನಡುವೆ ಚಂದ್ರು ಬಚ್ಚಲಿನಲ್ಲಿದ್ದ ಹತ್ತು ಹದಿನೈದು ನಿಮಿಷ. ಆ ಹೊತ್ತಿನಲ್ಲಿ ಯಾರೋ ಒಳಗೆ ಬಂದು ಕಿಟಕಿ ಮುಚ್ಚಿದ್ದಾರೆ, ರೆಗ್ಯುಲೇಟರ್ ತಿರುಗಿಸಿದ್ದಾರೆ, ಒಲೆಯ ಎರಡು ಕಿವಿಯನ್ನೂ ತಿರುಗಿಸಿದ್ದಾರೆ. ಚಂದ್ರುವಿಗೆ ವಾಸನೆ ತಿಳಿಯುವುದಿಲ್ಲ ಎಂದು ಬಲ್ಲವರು. ಇಲ್ಲದಿದ್ದರೆ ಈ ಉಪಾಯ ಹೂಡಲು ಸಾಧ್ಯವೇ ಇರಲಿಲ್ಲ.

"ವಠಾರದಿಂದ ಹೊರಡುವಾಗ ಯಾರಾದ್ರೂ ಕಂಡ್ರಾ?"

ಅನಿತ ಬಾಗಿಲ ಕಡೆ ನೋಡಿದಳು.

"ಅನಿತ, ನಿನ್ನ ತಮ್ಮನಿಗೋಸ್ಕರ ದೂರು ಕೊಟ್ಟವಳು ನೀನು."

"ಕಂಡ್ರು," ಎಂದಳು ಅವಳು. "ಗೇಟಿನ ಹತ್ರ ಎದುರಾದ್ರು. ನೀನು ನಡಿ, ನಾನು ಚಂದ್ರು ಹತ್ರ ಒಂದು ಮಾತಾಡಿ ಬರ್ತೀನಿ ಅಂದ್ರು. ನಾನು ಹೆದರಿಕೊಂಡು ತಲೆ ತಗ್ಗಿಸಿ ಹೊರಟುಬಿಟ್ಟೆ. ಹನ್ನೆರಡು ದಿನದಿಂದ ಅವರಾಗಿರಬಾರದು, ಅವರಾಗಿರಬಾರದು ಅಂತ…"

"ಯಾರು?"

ಅನಿತ ಬಾಯಿ ತೆರೆದಳು.

"ನಾನು," ಕೋದಂಡರಾಮಪ್ಪ ಹೇಳಿದ.

ಅವನು ಎದ್ದು ನಿಂತಿದ್ದ. ಟವಲು ಹೆಗಲಿನಿಂದ ಜಾರಿ ನೆಲಕ್ಕೆ ಬಿದ್ದಿತ್ತು.

"ಗೇಟಿನ ಹತ್ರ ಎದುರಾದೋನು ನಾನೇ. ಒಳಗೆ ಹೋಗಿ ಗ್ಯಾಸ್ ತಿರುಗಿಸಿದೋನು ನಾನೇ. ಮಗಳ ಮದುವೆಗೋಸ್ಕರ ಮಾಡಿದೆ. ಬರ್ಕೊಳ್ಳಿ ಅಮ್ಮಾ, ಎಲ್ಲಿ ಬೇಕೋ ಅಲ್ಲಿ ಸಹಿ ಹಾಕ್ತೀನಿ."

"ಕೂತ್ಕೊಳ್ಳಿ."

"ಬರ್ಕೊಳ್ಳಿ ಅಂದೆನಲ್ಲ!"

"ಏಳು ಹದಿನೆಂಟಕ್ಕೆ ನೀವು ಮಂಡಿಯಲ್ಲಿದ್ರಿ. ಟವರ್ ವಿವರ ನನ್ನ ಹತ್ರ ಇದೆ. ಶ್ರೀನಿವಾಸಪುರದಿಂದ ಮಾಲೂರಿಗೆ ಗಂಟೆಯ ಮೇಲೆ ಹಿಡಿಯುತ್ತೆ."

"ಫೋನು ಅಲ್ಲಿತ್ತು. ನಾನಿರ್ಲಿಲ್ಲ."

"ಫೋನಿನಲ್ಲಿ ಮಾತಾಡಿದ್ದು ನಿಮ್ಮ ದನಿ. ಹಿಂದುಗಡೆ ಕ್ರೇಟು ಎಣಿಸ್ತಿದ್ರು. ಈಗ ತಾನೇ ಮೂವರೂ ಕೇಳಿದ್ವಿ."

ಅವನು ತನ್ನನ್ನು ಉಳಿಸಿಕೊಳ್ಳಲು ತಂದ ಸಾಕ್ಷಿಯೇ ಈಗ ತಾನು ತಪ್ಪಿತಸ್ಥನಾಗಲು ಅಡ್ಡ ಬಂದಿತ್ತು. ಆದರೂ ಕೂರಲಿಲ್ಲ. ಸೊಸೆಯ ಕಡೆ ತಿರುಗಿ ನಿಂತ. ಕೈ ಅರ್ಧ ಮೇಲೆದ್ದು, ಮಲಗಿದ್ದ ಮೊಮ್ಮಗಳ ತಲೆಯನ್ನು ಒಂದು ಸಲ ಮುಟ್ಟಿ ಹಿಂದೆ ಬಂತು.

"ಅನಿತ," ನಾಹಿದ್ ಹೇಳಿದಳು. "ನನ್ನ ಮುಖ ನೋಡಿ ಹೇಳು. ಗೇಟಿನ ಹತ್ರ ಎದುರಾದದ್ದು ಯಾರು?"

ಹೊರಗೆ ಬೆಂಗಳೂರಿನ ರೈಲು ಕೂಗಿಕೊಂಡು ಹೋಯಿತು. ಅನಿತ ನಾಹಿದಳ ಮುಖ ನೋಡಲಿಲ್ಲ, ಮಾವನ ಮುಖವನ್ನೂ ನೋಡಲಿಲ್ಲ.

"ಮಾವನೇ, ಮೇಡಂ," ಎಂದಳು.

ಅದು ಸುಳ್ಳೆಂದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ದೂರು ಕೊಟ್ಟವಳೂ ದೂರಿಗೆ ಗುರಿಯಾದವನೂ ಮೊದಲ ಸಲ ಒಂದೇ ಮಾತು ಹೇಳಿದ್ದರು. ಇಬ್ಬರಿಗೂ ಒಂದೇ ಸಮ ಬೇಕಾದವನು ಈ ಭೂಮಿಯ ಮೇಲೆ ಒಬ್ಬನೇ ಇದ್ದ.

ಬಾಗಿಲು ತಟ್ಟಿದ ಸದ್ದು. ಶ್ರೀರಾಮಪ್ಪ ತಲೆ ಮಾತ್ರ ಒಳಗೆ ಹಾಕಿದ.

"ಮೇಡಂ, ಗೋಪಿ ಬಂದವ್ನೆ. ಹೆಂಡ್ತಿ ಮಗೂನ ಮನೆಗೆ ಕರ್ಕೊಂಡು ಹೋಗ್ತೀನಿ ಅಂತವ್ನೆ. ಕಾರು ಗೇಟಲ್ಲೇ ನಿಲ್ಸವ್ನೆ."

ಅನಿತ ಮಗುವನ್ನು ಹೆಗಲ ಮೇಲೆ ಸರಿಮಾಡಿಕೊಂಡು ಎದ್ದು ನಿಂತಳು.